ಬೆರಕೆ ಓದಿನ ಒಂದು ತಿಂಗಳು

ಒಂದೇ ತಿಂಗಳಲ್ಲಿ ವಚನ, ನಾಟಕ, ಸಣ್ಣಕತೆ, ಕಾದಂಬರಿ, ಆತ್ಮಕತೆ, ವಿಜ್ಞಾನ ಬರಹ ಎಲ್ಲವನ್ನೂ ಓದಿಬಿಡುತ್ತೇನೆ ಅಂತ ಹೊರಟವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ನಿಂತುಬಿಡುತ್ತಾರೆ. ಐದಾರು ಪುಸ್ತಕ ಅರ್ಧಕ್ಕೆ ಮಗುಚಿ ಬಿದ್ದಿರುತ್ತವೆ, ಯಾವುದನ್ನು ಎತ್ತಿಕೊಂಡರೂ ಹಿಂದೆ ಓದಿದ್ದು ಮರೆತಿರುತ್ತದೆ. ಕೇಳಿದರೆ ಪುರುಸೊತ್ತಿಲ್ಲ ಅನ್ನುತ್ತಾರೆ. ಪುರುಸೊತ್ತಿನ ಲೆಕ್ಕವನ್ನೇ ಹಾಕಿ ನೋಡೋಣ. ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೂ 30 ದಿನಕ್ಕೆ ಇಪ್ಪತ್ತೆರಡೂವರೆ ಗಂಟೆಯಾಯಿತು. ಡೆಮಿ ಅಳತೆಯ ಪುಸ್ತಕದ ಪುಟದಲ್ಲಿ ಮೂವತ್ತರ ಆಸುಪಾಸು ಸಾಲು, ಸಾಲಿಗೆ ಏಳೆಂಟು ಪದ. ಅವಸರವಿಲ್ಲದೆ ಓದಿದರೆ ಪುಟಕ್ಕೆ ಎರಡು ನಿಮಿಷ. ಅಂದರೆ ತಿಂಗಳಿಗೆ 675 ಪುಟ. ಒಂದು ಸಣ್ಣ ಕಾದಂಬರಿ, ಒಂದು ನಾಟಕ, ಹತ್ತು ಹನ್ನೆರಡು ಕತೆ, ಒಂದು ಆತ್ಮಕತೆ, ಒಂದು ಪತ್ತೇದಾರಿ, ದಿನಕ್ಕೆರಡು ವಚನ ಇಷ್ಟಕ್ಕೂ ಅದು ಸಾಕು.

ಕೆಡುವುದು ಬೇರೆ ಕಡೆ. ನಮ್ಮಲ್ಲಿ ಹೆಚ್ಚಿನವರಿಗೆ ಓದಿನ ರುಚಿ ಹತ್ತಿದ್ದು ಕಾದಂಬರಿಯಿಂದ, ಧಾರಾವಾಹಿಯಿಂದ. ಮುಂದೇನಾಯಿತು ಅಂತ ಹುಡುಕುತ್ತ ಓಡುವುದು ಆ ಕಣ್ಣಿಗೆ ರೂಢಿ. ಅದೇ ಓಟದಲ್ಲಿ ವಚನದ ಪುಸ್ತಕಕ್ಕೆ ಹೋದರೆ ಅರ್ಧ ಗಂಟೆಯಲ್ಲಿ ನಲವತ್ತು ವಚನ ಮುಗಿಯುತ್ತವೆ, ತಲೆಯಲ್ಲಿ ಒಂದೂ ಉಳಿಯುವುದಿಲ್ಲ. ನಾಟಕಕ್ಕೆ ಹೋದರೆ ಹತ್ತು ಪುಟದೊಳಗೆ ಯಾರು ಯಾರಿಗೆ ಹೇಳಿದರು ಅನ್ನುವುದು ತಪ್ಪಿಹೋಗುತ್ತದೆ. ವಚನ ಓದಿ ನಿಧಾನವಾದ ಕಣ್ಣಿನಲ್ಲಿ ಪತ್ತೇದಾರಿ ಹಿಡಿದರೆ ಅದು ಮೂರನೇ ಅಧ್ಯಾಯಕ್ಕೇ ಸಪ್ಪೆಯಾಗುತ್ತದೆ. ಆಗ ಓದುಗ ಪುಸ್ತಕವನ್ನು ಬೈಯುತ್ತಾನೆ, ಇಲ್ಲವೇ ನನಗೆ ಕಾವ್ಯ ಹತ್ತುವುದಿಲ್ಲ ಅಂತ ತೀರ್ಮಾನಿಸಿಬಿಡುತ್ತಾನೆ. ಎರಡೂ ಅನ್ಯಾಯ. ಒಂದೊಂದು ಪ್ರಕಾರಕ್ಕೆ ಒಂದೊಂದು ಓಟ, ಒಂದು ಕೂರಿಕೆಗೆ ಇಷ್ಟು ಅನ್ನುವ ಒಂದೊಂದು ಅಳತೆ ಇದೆ. ತಿಂಗಳಿಡೀ ಬೆರಕೆ ಓದು ಇಟ್ಟುಕೊಂಡರೆ ಈ ವ್ಯತ್ಯಾಸ ಮೈಗೆ ಹತ್ತುತ್ತದೆ, ವರ್ಷಗಟ್ಟಲೆ ಒಂದೇ ಬಗೆಯ ಪುಸ್ತಕ ಓದಿದರೆ ಹತ್ತುವುದಿಲ್ಲ.

ವಚನದಿಂದಲೇ ಶುರುಮಾಡುವುದು ಒಳ್ಳೆಯದು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ವಚನವೊಂದಕ್ಕೆ ಐದು ನಿಮಿಷವಾದರೂ ಬೇಕು: ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು, ಆಮೇಲೆ ಪುಸ್ತಕ ಮುಚ್ಚಿ ಎಷ್ಟು ನೆನಪಿದೆ ಅಂತ ಹೇಳಿಕೊಂಡು, ಮತ್ತೆ ತೆರೆದು ತಪ್ಪಿದ್ದೆಲ್ಲಿ ಅಂತ ನೋಡುವುದು. ತಪ್ಪಿದ ಜಾಗವೇ ಹೆಚ್ಚಾಗಿ ವಚನದ ಕೀಲು ಇರುವ ಜಾಗ.

ಎಲ್ಲರಿಗೂ ಬಾಯಿಪಾಠವಿರುವ ಒಂದನ್ನೇ ತೆಗೆದುಕೊಳ್ಳೋಣ, ಬಾಯಿಪಾಠವಿರುವುದರಿಂದಲೇ ಅದನ್ನು ಯಾರೂ ಓದುವುದಿಲ್ಲ. "ಉಳ್ಳವರು ಶಿವಾಲಯ ಮಾಡುವರು, ನಾನೇನ ಮಾಡುವೆ ಬಡವನಯ್ಯಾ. ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ. ಕೂಡಲಸಂಗಮದೇವಾ ಕೇಳಯ್ಯಾ, ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ." ಮೊದಲ ಸಾಲಿನ ದನಿ ಕೈಯಲ್ಲಿ ಕಾಸಿಲ್ಲದವನದು, ತುಸು ಸಂಕೋಚದ್ದು. ಕೊನೆಯ ಸಾಲಿನದು ತೀರ್ಪು ಕೊಡುವವನ ದನಿ. ನಡುವೆ ಏನಾಯಿತು? ಮೂರು ಸಮೀಕರಣ ಬಂದವು. ಅವು ಬಂದ ಕ್ರಮ ನೋಡಿ: ಕಂಬ, ಗುಡಿ, ಕಳಶ. ದೇವಸ್ಥಾನ ಕೆಳಗಿನಿಂದ ಮೇಲೆ ಏಳುವ ಕ್ರಮ ಅದು, ಮನುಷ್ಯನೂ ಕಾಲಿಂದ ತಲೆಯವರೆಗೆ ಎದ್ದು ನಿಲ್ಲುತ್ತಾನೆ. ಇನ್ನು ಬಾಯಲ್ಲಿ ಹೇಳಿ ನೋಡಿ. ಕಾಲೇ ಕಂಬ ಅನ್ನುವಲ್ಲಿ ಕಕಾರ, ದೇಹವೇ ದೇಗುಲ ಅನ್ನುವಲ್ಲಿ ದೇಕಾರ ಜೋಡಿಯಾಗಿ ಬರುತ್ತವೆ. ಮೂರನೆಯದರಲ್ಲಿ ಆ ಜೋಡಿ ಮುರಿಯುತ್ತದೆ, ಮುರಿದ ಜಾಗದಲ್ಲಿ ಹೊನ್ನು ಬಂದು ಕೂರುತ್ತದೆ. ಉಳ್ಳವರ ಹತ್ತಿರ ಇರಬೇಕಾದ ಹೊನ್ನು ಇಡೀ ವಚನದಲ್ಲಿ ಒಂದೇ ಸಲ ಕಾಣಿಸುತ್ತದೆ, ಅದೂ ಬಡವನ ತಲೆಯ ಮೇಲೆ. ಅಲ್ಲಿಂದ ಮುಂದೆ ಸಂಕೋಚಕ್ಕೆ ಜಾಗವೇ ಇಲ್ಲ. ಅಂಕಿತ, ಅಂದರೆ ವಚನಕಾರರು ಗುರುತಿಗೆ ಇಟ್ಟುಕೊಂಡ ದೇವರ ಹೆಸರು, ಬಂದ ಕೂಡಲೇ ಮಾತು ಜನರ ಕಡೆಯಿಂದ ದೇವರ ಕಡೆಗೆ ತಿರುಗುತ್ತದೆ, ಅದೂ ಬೇಡುವ ದನಿಯಲ್ಲಿ ಅಲ್ಲ, ಕೇಳು ಅನ್ನುವ ದನಿಯಲ್ಲಿ.

ಇಷ್ಟು ಕಾಣಬೇಕಾದರೆ ಒಬ್ಬರೇ ವಚನಕಾರರ ಹತ್ತು ಹದಿನೈದು ವಚನಗಳನ್ನು ಸಾಲಾಗಿ ಓದಬೇಕು. ವಿಷಯವಾರು ವಿಂಗಡಿಸಿದ ಸಂಕಲನಗಳು ಉಲ್ಲೇಖಕ್ಕೆ ಚೆನ್ನ, ಓದಿಗೆ ಅಷ್ಟು ಒಳ್ಳೆಯದಲ್ಲ. ಬಸವಣ್ಣ, ಅಲ್ಲಮ, ಅಕ್ಕ ಮೂವರೂ ಒಂದೇ ಪುಟದಲ್ಲಿ ಬಂದರೆ ಅಂಕಿತಗಳು ಬರೀ ಸಹಿಯಂತೆ ಕಾಣುತ್ತವೆ. ಒಬ್ಬರನ್ನೇ ಓದುತ್ತ ಹೋದರೆ ಅಂಕಿತ ಬರುವ ಹೊತ್ತಿಗೆ ದನಿ ಹೇಗೆ ಹೊರಳುತ್ತದೆ ಅನ್ನುವುದು ಕಿವಿಗೆ ಸಿಗುತ್ತದೆ. ಇನ್ನೊಂದು ಎಚ್ಚರ: ತಾಳೆಗರಿಯಲ್ಲಿ ಬರಹ ಸಾಲು ಒಡೆಯದೆ ಒಂದೇ ಸಮನೆ ಹೋಗುತ್ತದೆ. ಈಗ ಅಚ್ಚಿನಲ್ಲಿ ಕಾಣುವ ಸಾಲುಗಳು ಸಂಪಾದಕರು ಒಡೆದವು. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ 1923ರಲ್ಲಿ ಬಂದ ಮೇಲೆ ಎಷ್ಟೋ ಸಂಪಾದನೆಗಳಾಗಿವೆ, ಸಾಲು ಒಡೆದ ರೀತಿ ಒಂದರಿಂದ ಒಂದಕ್ಕೆ ಬೇರೆ. ಹಾಗಾಗಿ ಉಸಿರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅಚ್ಚಿನ ಸಾಲು ನೋಡಿ ಗೊತ್ತುಮಾಡಬೇಡಿ. 'ಅಯ್ಯಾ' ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿಸಿ, ಬಹುಪಾಲು ಸರಿಹೋಗುತ್ತದೆ. ಅಲ್ಲಮನ ಬೆಡಗಿನ ವಚನಗಳನ್ನು, ಅಂದರೆ ಒಗಟಿನಂಥವನ್ನು, ಮೊದಲ ವಾರದಲ್ಲಿ ಮುಟ್ಟದಿರುವುದೇ ಮೇಲು. ಮುಟ್ಟುವುದಾದರೆ ಕರ್ನಾಟಕ ಸರ್ಕಾರ ತಂದ ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ ಪಾರಿಭಾಷಿಕ ಪದಕೋಶವೂ ಇದೆ, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆ ಅಂತ ನೋಡಲು ವಚನ ಸಂಚಯ ಜಾಲತಾಣ ಇದೆ.

ನಡುಗನ್ನಡ ಕಾವ್ಯದ ಮಾತು ಬೇರೆ. ಕುಮಾರವ್ಯಾಸ ಅಂದ ತಕ್ಷಣ ಹತ್ತು ಪರ್ವ ಕಣ್ಣಮುಂದೆ ಬಂದು ಕೈಬಿಡುವವರೇ ಹೆಚ್ಚು. ಆದಿಪರ್ವದಿಂದ ಶುರುಮಾಡಲೇಬೇಕು ಅನ್ನುವ ಹಟ ಬೇಡ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ಹಿಡಿಯಿರಿ, ಇಲ್ಲವೇ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ ಹಿಡಿಯಿರಿ. ಮೊದಲನೆಯದರಲ್ಲಿ ನಗು, ಎರಡನೆಯದರಲ್ಲಿ ಸಂಕಟ, ಎರಡರಲ್ಲೂ ಮಾತುಕತೆಯೇ ಹೆಚ್ಚು. ಅದಕ್ಕೇ ಹೊಸಬರಿಗೆ ದಾರಿ ಸುಲಭ.

ಭಾಮಿನಿ ಷಟ್ಪದಿಯ ಲೆಕ್ಕ ಗೊತ್ತಿದ್ದರೆ ಅರ್ಧ ತೊಡಕು ಅಲ್ಲೇ ಕಳೆಯುತ್ತದೆ. ಆರು ಸಾಲು. ಮಾತ್ರೆ ಅಂದರೆ ಉಚ್ಚಾರದ ಅಳತೆ, ಲಘುವಿಗೆ ಒಂದು, ಗುರುವಿಗೆ ಎರಡು. 1, 2, 4, 5ನೇ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಅಂತ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಕುಮಾರವ್ಯಾಸನದೇ ಸಾಲು ನೋಡಿ: "ತಿಳಿಯ ಹೇಳುವೆ ಕೃಷ್ಣಕಥೆಯನು". ತಿಳಿಯ ಮೂರು, ಹೇಳುವೆ ನಾಲ್ಕು, ಕೃಷ್ಣ ಮೂರು, ಕಥೆಯನು ನಾಲ್ಕು. ಇಲ್ಲಿ ಪದ ಮುಗಿಯುವ ಜಾಗದಲ್ಲೇ ಗಣವೂ, ಅಂದರೆ ಮಾತ್ರೆಗಳ ಗುಂಪೂ, ಮುಗಿದಿದೆ, ಹಾಗಾಗಿ ತಾಳ ತಾನೇ ಬೀಳುತ್ತದೆ. ಎಲ್ಲ ಕಡೆ ಇಷ್ಟು ಸರಾಗ ಇರುವುದಿಲ್ಲ. ಪದ ಒಂದು ಗಣದಿಂದ ಇನ್ನೊಂದಕ್ಕೆ, ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟಿಹೋಗುತ್ತದೆ. ಸಾಲಿನ ಕೊನೆಗೆ ಅರ್ಥವೂ ಮುಗಿಯಿತು ಅಂದುಕೊಂಡು ಅಲ್ಲೇ ನಿಂತವರು ಎಡವುತ್ತಾರೆ.

ಹಾಗಾಗಿ ಮೂರು ಸುತ್ತು ಬೇಕು. ಮೊದಲ ಸುತ್ತಿನಲ್ಲಿ ಅರ್ಥದ ಗೊಡವೆಯಿಲ್ಲದೆ, ಮೂರು-ನಾಲ್ಕರ ನಡೆಗೆ ಬೆರಳು ತಟ್ಟುತ್ತ ಗಟ್ಟಿಯಾಗಿ ಓದಬೇಕು. ಎರಡನೆಯದರಲ್ಲಿ ಪೆನ್ಸಿಲ್ ಹಿಡಿದು ಸಂಧಿ ಬಿಡಿಸಬೇಕು, ಕ್ರಿಯಾಪದ ಎಲ್ಲಿದೆ ಅಂತ ಗುರುತು ಹಾಕಬೇಕು. ಮೂರನೆಯದರಲ್ಲಿ ಅರ್ಥ. ಈ ಲೆಕ್ಕದಲ್ಲಿ ಅರ್ಧ ಗಂಟೆಗೆ ಎಂಟು ಹತ್ತು ಪದ್ಯ ಆದರೆ ಚೆನ್ನಾಗಿ ಆಯಿತು ಅಂತಲೇ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡಿದ ಧ್ವನಿಮುದ್ರಣಗಳು ಸಿಗುತ್ತವೆ. ಅದನ್ನು ಓದಿನ ಮೊದಲು ಕೇಳಬೇಡಿ. ಎರಡು ಸುತ್ತು ಓದಿದ ಮೇಲೆ ಕೇಳಿದರೆ, ಗಮಕಿ ಎಲ್ಲಿ ಪದ ಒಡೆದರು, ಎಲ್ಲಿ ಒಂದೇ ಮಾತನ್ನು ಎರಡು ಸಲ ಎಳೆದರು ಅನ್ನುವುದು ತಿಳಿಯುತ್ತದೆ. ಮೊದಲೇ ಕೇಳಿದರೆ ಅವರ ರಾಗ ನಿಮ್ಮ ಓದಿನ ಮೇಲೆ ಕೂತುಬಿಡುತ್ತದೆ. ಪದಕ್ಕೆ ಅರ್ಥ ಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ, 1894ರ ಕಿಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ, ಫೋನಿನಲ್ಲಾದರೆ ಅಲರ್. ಆದರೆ ಪದ್ಯಕ್ಕೆ ಎರಡೇ ಪದ ಹುಡುಕುವುದು ಅಂತ ಮಿತಿ ಹಾಕಿಕೊಳ್ಳಿ, ಇಲ್ಲವಾದರೆ ಪದ್ಯ ಹೋಗಿ ನಿಘಂಟಿನ ಓದು ಆಗುತ್ತದೆ. ಪಂಪನನ್ನೂ ಕುಮಾರವ್ಯಾಸನನ್ನೂ ಒಂದೇ ತಿಂಗಳಲ್ಲಿ ಇಟ್ಟುಕೊಳ್ಳಬೇಡಿ. ಎರಡರ ಕನ್ನಡವೂ ಬೇರೆ, ಛಂದಸ್ಸೂ ಬೇರೆ, ಕಿವಿ ಗೊಂದಲವಾಗುತ್ತದೆ.

ನಾಟಕ ಓದುವಾಗ ಆಗುವ ತೊಂದರೆ ಒಂದೇ: ಮಾತನಾಡದೆ ನಿಂತಿರುವವರನ್ನು ಓದುಗ ಮರೆಯುತ್ತಾನೆ. ರಂಗದ ಮೇಲೆ ಅವರು ಕಣ್ಣಿಗೆ ಕಾಣುತ್ತಿರುತ್ತಾರೆ, ಪುಟದ ಮೇಲೆ ಕಾಣುವುದಿಲ್ಲ. ಒಂದು ಹಾಳೆಯಲ್ಲಿ ದೃಶ್ಯದ ಸಂಖ್ಯೆ ಬರೆದು, ಪ್ರವೇಶವಾದವರ ಹೆಸರು ಬರೆಯುತ್ತ, ನಿರ್ಗಮಿಸಿದವರ ಹೆಸರಿಗೆ ಗೆರೆ ಎಳೆಯುತ್ತ ಹೋದರೆ ಸಾಕು. ಗಿರೀಶ ಕಾರ್ನಾಡರ ತುಘಲಕ್ ಇದಕ್ಕೆ ಹೇಳಿ ಮಾಡಿಸಿದ ನಾಟಕ. 1964ರದು, 13 ದೃಶ್ಯ. ದಿನಕ್ಕೆ ಮೂರು ದೃಶ್ಯದಂತೆ ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಅದಕ್ಕಿಂತ ಒಳ್ಳೆಯದು ಮೂರು ನಾಲ್ಕು ಜನ ಪಾತ್ರ ಹಂಚಿಕೊಂಡು ಭಾನುವಾರ ಒಂದೇ ಕೂರಿಕೆಯಲ್ಲಿ ಗಟ್ಟಿಯಾಗಿ ಓದುವುದು.

ಮುಗಿದ ಮೇಲೆ ಎರಡನೇ ಓದು ಬೇಕು, ಅದಕ್ಕೆ ಇಡೀ ನಾಟಕ ಬೇಡ. ಅಜೀಜ ಬರುವ ದೃಶ್ಯಗಳನ್ನು ಮಾತ್ರ ಬೇರೆ ತೆಗೆದು ಸಾಲಾಗಿ ಓದಿ. ಸುಲ್ತಾನ ತನ್ನ ಮೇಲೆಯೇ ದಾವೆ ಹೂಡಬಹುದು ಅಂತ ಪ್ರಜೆಗಳಿಗೆ ಹಕ್ಕು ಕೊಟ್ಟರೆ, ಅಗಸನಾದ ಅಜೀಜ ಬ್ರಾಹ್ಮಣನ ವೇಷ ಹಾಕಿ ಜಮೀನಿನ ದಾವೆ ಗೆದ್ದುಕೊಳ್ಳುತ್ತಾನೆ. ಸುಲ್ತಾನ ತಾಮ್ರದ ನಾಣ್ಯ ತಂದರೆ ಇವನು ಖೋಟಾ ನಾಣ್ಯಕ್ಕೆ ಇಳಿಯುತ್ತಾನೆ. ಸುಲ್ತಾನ ಖಲೀಫರ ವಂಶದವನನ್ನು ಕರೆಸಿದರೆ ಇವನು ಬರುವವನನ್ನೇ ಕೊಂದು ಅವನ ಉಡುಪಿನಲ್ಲಿ ಬಂದು ನಿಲ್ಲುತ್ತಾನೆ. ಮೇಲೆ ಆದರ್ಶವಾಗಿ ಹೊರಟ ಪ್ರತಿಯೊಂದು ಯೋಜನೆಯೂ ಕೆಳಗೆ ಇವನ ಹೊಟ್ಟೆಪಾಡಾಗಿ ತಿರುಗುತ್ತದೆ. ಮೊದಲ ಓದಿನಲ್ಲಿ ಹಾಸ್ಯಕ್ಕೆ ಇಟ್ಟ ದೃಶ್ಯಗಳು ಅನಿಸಿದವು ನಾಟಕದ ಬೆನ್ನುಮೂಳೆ ಅಂತ ಆಗ ಗೊತ್ತಾಗುತ್ತದೆ. ಕಂಪನಿ ನಾಟಕಗಳಲ್ಲಿ ಮುಂದಿನ ಪರದೆ ಇಳಿಬಿಟ್ಟು ಅದರೆದುರು ಹಾಸ್ಯದ ಸೀನು ಆಡಿಸುತ್ತ, ಹಿಂದೆ ದರ್ಬಾರಿನ ಸೀನು ಜೋಡಿಸಿಕೊಳ್ಳುವ ಪದ್ಧತಿ ಇತ್ತು. ಕಾರ್ನಾಡರು ಆ ಕಟ್ಟನ್ನೇ ತೆಗೆದುಕೊಂಡು, ಪರದೆಯ ಮುಂದಿನವನನ್ನು ಕೊನೆಗೆ ದರ್ಬಾರಿನೊಳಕ್ಕೇ ನಡೆಸಿದರು. ಕಂಪನಿ ನಾಟಕ ನೋಡಿ ಬೆಳೆದ ಹಿರಿಯರು ಮನೆಯಲ್ಲಿದ್ದರೆ ಓದುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಪರದೆ ಎಲ್ಲಿ ಬೀಳಬೇಕು ಅಂತ ಅವರೇ ಹೇಳುತ್ತಾರೆ.

ಸಣ್ಣಕತೆಗೆ ನಿಯಮ ಸುಲಭ, ಪಾಲಿಸುವುದು ಕಷ್ಟ. ಒಂದು ಕೂರಿಕೆಗೆ ಒಂದೇ ಕತೆ. ಸಂಕಲನವನ್ನು ಕಾದಂಬರಿಯ ಹಾಗೆ ಒಂದಾದ ಮೇಲೊಂದು ಓದಿದರೆ ಮೂರನೇ ಕತೆಯ ಹೊತ್ತಿಗೆ ಮೊದಲನೆಯದರ ಪಾತ್ರಗಳು ಬಂದು ಬೆರೆತುಕೊಳ್ಳುತ್ತವೆ, ಲೇಖಕರು ಒಂದೇ ಕತೆಯನ್ನು ಮತ್ತೆ ಮತ್ತೆ ಬರೆದಿದ್ದಾರೆ ಅನಿಸುತ್ತದೆ. ಆ ದೂರು ಬಹುಪಾಲು ಓದಿನ ಅವಸರದಿಂದ ಹುಟ್ಟಿದ್ದು. ಕತೆ ಮುಗಿದ ಕೂಡಲೇ ಮೊದಲ ಪ್ಯಾರಾಕ್ಕೆ ಹಿಂದಿರುಗಬೇಕು. ಪಳಗಿದ ಕತೆಗಾರರು ಬೇಕಾದ್ದನ್ನೆಲ್ಲ ಅಲ್ಲೇ ಇಟ್ಟಿರುತ್ತಾರೆ, ಮೊದಲ ಸಲ ನಮಗೆ ಅದು ಬರೀ ಊರಿನ ವರ್ಣನೆಯಾಗಿ ಕಂಡಿರುತ್ತದೆ. ಮಾಸ್ತಿಯವರ ಎಷ್ಟೋ ಕತೆಗಳಲ್ಲಿ ಕತೆ ಹೇಳುವವರೊಬ್ಬರು, ಕೇಳುವವರೊಬ್ಬರು ಇರುತ್ತಾರೆ. ಆ ಚೌಕಟ್ಟನ್ನು ಹಾರಿಸಿ ಒಳಗಿನ ಕತೆಗೆ ಹೋಗುವವರಿದ್ದಾರೆ. ಹಾಗೆ ಮಾಡಬೇಡಿ. ಯಾರಿಗೆ ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಏನನ್ನು ಹೇಳದೆ ಬಿಟ್ಟರು ಅನ್ನುವುದು ನಿಂತಿರುತ್ತದೆ.

ಬಾನು ಮುಷ್ತಾಕ್ ಅವರ ಕತೆಗಳನ್ನು ಈ ತಿಂಗಳಿಗೆ ಇಟ್ಟುಕೊಂಡರೆ ಇನ್ನೊಂದು ಲಾಭವಿದೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹಾರ್ಟ್ ಲ್ಯಾಂಪ್‌ನಲ್ಲಿ 12 ಕತೆಗಳಿವೆ. 2025ರ ಇಂಟರ್‌ನ್ಯಾಷನಲ್ ಬೂಕರ್ ಅದಕ್ಕೆ ಬಂತು, ಆ ಬಹುಮಾನ ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದದ್ದು ಅದೇ ಮೊದಲು. ವಾರಕ್ಕೆ ಮೂರು ಕತೆಯಂತೆ ತಿಂಗಳಿಗೆ ಸರಿಹೊಂದುತ್ತದೆ. ನಾವು ಓದಬೇಕಾದದ್ದು ಕನ್ನಡದ ಮೂಲವನ್ನು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಕತೆಯನ್ನು, ಎದೆಯ ಹಣತೆಯನ್ನೇ ತೆಗೆದುಕೊಳ್ಳಿ, ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ ನೋಡಿ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅನುವಾದಕಿ ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಹಾಗೇ ಉಳಿಸಿದ್ದಾರೆ. ಮನೆಯೊಳಗಿನ ಮಾತು, ಹೊರಗಿನ ಮಾತು ಎಲ್ಲಿ ಬೇರೆಯಾಗುತ್ತವೆ ಅಂತ ಗೆರೆ ಹಾಕುತ್ತ ಹೋದರೆ, ಕನ್ನಡದಲ್ಲಿ ಸಲೀಸಾಗಿ ದಾಟಿಹೋಗಿದ್ದ ಎಷ್ಟೋ ವಾಕ್ಯಗಳ ಭಾರ ಆಗ ತಿಳಿಯುತ್ತದೆ. ಒಂದು ಕತೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಒಂದೇ ಕತೆಗೆ ಮಾಡಿದರೆ ಸಾಕು.

ಕಾದಂಬರಿಯನ್ನು ಬೆರಕೆ ತಿಂಗಳಲ್ಲಿ ಸಣ್ಣದಾಗಿ ಇಟ್ಟುಕೊಳ್ಳಬೇಕು. ಎರಡು ಸಣ್ಣ ಕಾದಂಬರಿ ಜೋಡಿ ಮಾಡುವುದಾದರೆ ತೇಜಸ್ವಿಯವರ ಕರ್ವಾಲೊ ಮತ್ತು ದೇವನೂರ ಮಹಾದೇವರ ಕುಸುಮಬಾಲೆ. 1980ರದೊಂದು, 1984ರದೊಂದು. ನಾಲ್ಕು ವರ್ಷದ ಅಂತರದಲ್ಲಿ ಕನ್ನಡ ಗದ್ಯ ಎಷ್ಟು ದೂರದ ಎರಡು ತುದಿಗೆ ಹೋಗಿ ನಿಂತಿತು ಅನ್ನುವುದನ್ನು ಇವೆರಡಕ್ಕಿಂತ ಚೆನ್ನಾಗಿ ತೋರಿಸುವ ಜೋಡಿ ನನಗೆ ಗೊತ್ತಿಲ್ಲ.

ಕರ್ವಾಲೊ ಓಡುವ ಪುಸ್ತಕ, ಓಡಿಸಿಯೇ ಓದಬೇಕು. ದಿನಕ್ಕೆ ನಲವತ್ತು ಪುಟ. ಜೇನು, ಮಂದಣ್ಣ, ಅವನ ಮದುವೆ, ಪ್ಯಾರ, ಎಂಗ್ಟ, ಕಿವಿ ಅನ್ನುವ ನಾಯಿ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಓದುಗ ನಗುತ್ತ ಹೋಗುತ್ತಾನೆ. ಹಾರುವ ಓತಿಯ ಹುಡುಕಾಟ ಯಾವಾಗ ಶುರುವಾಯಿತು ಅನ್ನುವುದೇ ತಿಳಿಯದ ಹಾಗೆ ಕಟ್ಟಿದ್ದಾರೆ. ಓದಿ ಮುಗಿಸಿದ ಮೇಲೆ ಹಿಂದಕ್ಕೆ ಹೋಗಿ ಒಂದು ಕೆಲಸ ಮಾಡಿ: ಕಾಲದ ಬಗ್ಗೆ, ಜೀವವಿಕಾಸದ ಬಗ್ಗೆ ಮೊದಲ ಮಾತು ಯಾವ ಪುಟದಲ್ಲಿ ಬಂತು, ಆಗ ಪಕ್ಕದಲ್ಲಿ ಯಾವ ತಮಾಷೆ ನಡೆಯುತ್ತಿತ್ತು ಅಂತ ಗುರುತು ಹಾಕಿ. ತಮಾಷೆಯ ಬಗಲಲ್ಲೇ ವಿಚಾರ ಇಟ್ಟಿರುವುದು ಸಾಲುಸಾಲಾಗಿ ಸಿಗುತ್ತದೆ. ನಿಧಾನವಾಗಿ, ಗೆರೆ ಹಾಕಿಕೊಂಡು ಮೊದಲ ಸಲವೇ ಓದಿದವರಿಗೆ ಆ ನಗುವೂ ಹೋಗುತ್ತದೆ, ಕೊನೆಯ ಕಾಡಿನ ಭಾಗದ ಬೆರಗೂ ಹೋಗುತ್ತದೆ.

ಕುಸುಮಬಾಲೆ ತದ್ವಿರುದ್ಧ. ನೂರು ಚಿಲ್ಲರೆ ಪುಟ, ಆದರೆ ದಿನಕ್ಕೆ ಎಂಟು ಹತ್ತು ಪುಟ ದಾಟಬಾರದು. ನಂಜನಗೂಡು ಸೀಮೆಯ ಆಡುಮಾತು ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. ಕಣ್ಣಲ್ಲಿ ಓದಿದಾಗ ಅರ್ಥವಾಗದ ವಾಕ್ಯ ಗಟ್ಟಿಯಾಗಿ ಓದಿದಾಗ ನೂರಕ್ಕೆ ತೊಂಬತ್ತು ಪಾಲು ಬಿಡಿಸಿಕೊಳ್ಳುತ್ತದೆ. ಧಾರವಾಡ, ಕಲಬುರಗಿ ಕಡೆಯವರಿಗೆ, ಕರಾವಳಿಯವರಿಗೆ ಮೊದಲ ಇಪ್ಪತ್ತು ಪುಟ ತ್ರಾಸ ಆಗಬಹುದು. ಆ ಸೀಮೆಯ ಸ್ನೇಹಿತರಿದ್ದರೆ ಫೋನಿನಲ್ಲೇ ನಾಲ್ಕು ಪುಟ ಓದಿಸಿ ಕೇಳಿ, ಆಮೇಲಿನದು ತಾನೇ ಬರುತ್ತದೆ. ವಿದ್ವಾಂಸ ಎಲ್. ಬಸವರಾಜು ಇದನ್ನು ಸಾಲು ಒಡೆದು ಪದ್ಯದ ರೂಪದಲ್ಲಿ ಜೋಡಿಸಿಕೊಟ್ಟಿದ್ದಾರೆ. ಗದ್ಯದಲ್ಲಿ ಮೂರು ಸಲ ಎಡವಿದವರು ಆ ರೂಪ ನೋಡಬೇಕು, ಉಸಿರಿನ ಜಾಗ ಅಲ್ಲಿ ಕಣ್ಣಿಗೇ ಕಾಣುತ್ತದೆ. ಮನೆಮನೆಯ ದೀಪಗಳಾದ ಜೋತಮ್ಮಗಳು ರಾತ್ರಿ ಸೇರಿ ಮಾತಾಡುವ ಭಾಗವನ್ನು ಮಾಂತ್ರಿಕ ವಾಸ್ತವ ಅಂತ ಹೆಸರಿಟ್ಟು ಮುಂದಕ್ಕೆ ಹೋಗುವುದು ಸುಲಭ. ಹೆಸರಿಡುವ ಮೊದಲು ಹಳ್ಳಿಯ ದೀಪದ ಕತೆಗಳನ್ನು ನೆನೆಸಿಕೊಳ್ಳಿ. ದೀಪಗಳು ರಾತ್ರಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವುದು ನಮ್ಮ ಅಜ್ಜಿಯರ ಕತೆಗಳಲ್ಲಿ ಮೊದಲಿಂದಲೂ ಇದೆ. ಇಲ್ಲಿ ಆ ದೀಪಗಳ ಕಣ್ಣಿಗೆ ಕೇರಿಯ ಬದುಕು ಬಿದ್ದಿದೆ.

ಇವೆರಡನ್ನೂ ಒಂದೇ ವಾರದಲ್ಲಿ ಓದಬೇಡಿ, ನಡುವೆ ಒಂದು ವಾರವಾದರೂ ಇರಲಿ. ಕರ್ವಾಲೊ ಆದ ಮೇಲೆ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಇಟ್ಟುಕೊಂಡರೆ ಕಾಡಿನ ಗುಂಗು ಮುಂದುವರಿಯುತ್ತದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತ ಅಲೆದ ಸಸ್ಯವಿಜ್ಞಾನಿಯ ಪುಸ್ತಕ ಅದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಇದನ್ನು ಎರಡು ರೀತಿಯಲ್ಲಿ ಹಾಳುಮಾಡಿಕೊಳ್ಳಬಹುದು. ಗಿಡಗಳ ಲ್ಯಾಟಿನ್ ಹೆಸರು ಬಂದಲ್ಲೆಲ್ಲ ಹಾರಿಸಿ ಬರೀ ಹಾಸ್ಯ ಓದುವುದು ಒಂದು, ಪಠ್ಯಪುಸ್ತಕದಂತೆ ಹೆಸರು ನೆನಪಿಡಲು ಹೊರಟು ದಣಿಯುವುದು ಇನ್ನೊಂದು. ಒಂದು ಅಧ್ಯಾಯಕ್ಕೆ ಒಂದೇ ಗಿಡ ಹಿಡಿಯಿರಿ. ಪುಸ್ತಕದ ರೇಖಾಚಿತ್ರ ನೋಡಿ, ಫೋನಿನಲ್ಲಿ ಆ ಗಿಡದ ಫೋಟೊ ನೋಡಿ, ಲೇಖಕರು ಎಲೆ ಹೂವುಗಳ ಬಗ್ಗೆ ಹೇಳಿದ್ದನ್ನು ಎರಡಕ್ಕೂ ಹೋಲಿಸಿ. ಗೆರೆಯ ಚಿತ್ರದಲ್ಲಿ ಬಿಟ್ಟಿರುವುದು ಯಾವುದು, ಹಿಗ್ಗಿಸಿರುವುದು ಯಾವುದು ಅಂತ ನೋಡಿದರೆ ವಿಜ್ಞಾನಿ ಗಿಡವನ್ನು ಹೇಗೆ ನೋಡುತ್ತಾನೆ ಅನ್ನುವುದು ಗೊತ್ತಾಗುತ್ತದೆ.

ಆತ್ಮಕತೆಗೆ ಒಂದು ಖಾಲಿ ಹಾಳೆ ಸಾಕು. ಎಡಕ್ಕೆ ಇಸವಿ ಅಥವಾ ವಯಸ್ಸು, ಬಲಕ್ಕೆ ಪುಟಸಂಖ್ಯೆ ಬರೆಯುತ್ತ ಹೋಗಿ. ಹತ್ತು ವರ್ಷ ಎರಡು ಪುಟದಲ್ಲಿ ಮುಗಿದಿದೆಯೇ, ಒಂದು ದಿನಕ್ಕೆ ಹದಿನೈದು ಪುಟ ಸಿಕ್ಕಿದೆಯೇ? ಬರೆದವರು ಯಾವುದನ್ನು ತಮ್ಮ ಬದುಕು ಅಂದುಕೊಂಡಿದ್ದಾರೆ ಅನ್ನುವುದು ಅಲ್ಲಿ ಕಾಣುತ್ತದೆ. ಶಿವರಾಮ ಕಾರಂತರ ಹುಚ್ಚು ಮನಸ್ಸಿನ ಹತ್ತು ಮುಖಗಳು ದೊಡ್ಡ ಪುಸ್ತಕ, ಈ ತಿಂಗಳಿಗೆ ಬೇಡ. ಸಿದ್ಧಲಿಂಗಯ್ಯನವರ ಊರುಕೇರಿಯ ಮೊದಲ ಭಾಗ ಸರಿಯಾದ ಅಳತೆಯದು. ಮಾಗಡಿ ಕಡೆಯ ಮಂಚನಬೆಲೆಯ ಬಾಲ್ಯದಿಂದ ಶುರುವಾಗುವ ಪುಸ್ತಕ. ಎತ್ತಿನ ಜಾಗದಲ್ಲಿ ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟ ದೃಶ್ಯವನ್ನು ಅವರು ದನಿ ಎತ್ತರಿಸದೆ ಹೇಳುತ್ತಾರೆ, ಮುಂದೆ ಹಾಸ್ಯದ ಪ್ರಸಂಗಗಳು ಒಂದರ ಮೇಲೊಂದು ಬರುತ್ತವೆ. ಹೊಲೆಮಾದಿಗರ ಹಾಡಿನ ಸಿಟ್ಟಿನ ಕವಿ ಇವರೇನಾ ಅಂತ ಓದುಗರಿಗೆ ಅಚ್ಚರಿಯಾಗುತ್ತದೆ. ಇಲ್ಲಿ ಆಗುವ ತಪ್ಪೆಂದರೆ ನಗುವನ್ನು ನಂಬಿ ಬೇಗ ಓದಿಬಿಡುವುದು. ಒಂದು ಪ್ರಸಂಗಕ್ಕೆ ನಕ್ಕ ಮೇಲೆ ಅಲ್ಲಿ ಹಸಿದವರು ಯಾರು, ಹೆದರಿದವರು ಯಾರು ಅಂತ ಕೇಳಿಕೊಂಡು ಮುಂದಕ್ಕೆ ಹೋಗಿ. ದಿನಕ್ಕೆ ಮೂರು ನಾಲ್ಕು ಪ್ರಸಂಗ ಸಾಕು. ಅದೇ ವಾರ ಹೊಲೆಮಾದಿಗರ ಹಾಡಿನ ಕವಿತೆಗಳನ್ನೂ ಓದಿದರೆ ಒಬ್ಬನೇ ಮನುಷ್ಯ ಒಂದೇ ಅನುಭವಕ್ಕೆ ಎರಡು ಪ್ರಕಾರದಲ್ಲಿ ಎರಡು ದನಿ ಕೊಟ್ಟದ್ದು ಸಿಗುತ್ತದೆ.

ಪತ್ತೇದಾರಿ ಕಾದಂಬರಿ ಬೇಕೇ ಅಂತ ಮೂಗು ಮುರಿಯುವವರಿದ್ದಾರೆ. ಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಗಳಿಂದ ತಂದು ಓದಿ ಕನ್ನಡ ಅಕ್ಷರದ ರುಚಿ ಹತ್ತಿಸಿಕೊಂಡವರು ಬಹಳ ಜನ, ಆ ಋಣ ಸಣ್ಣದಲ್ಲ. ಇದನ್ನು ಮಾತ್ರ ತುಂಡು ಮಾಡಬಾರದು. ಶನಿವಾರ ರಾತ್ರಿ ಊಟ ಮುಗಿಸಿ ಕೂತರೆ ಮುಗಿಸಿಯೇ ಏಳಬೇಕು, ಹತ್ತು ಪುಟದಂತೆ ವಾರವಿಡೀ ಎಳೆದರೆ ಸುಳಿವುಗಳು ಮರೆತು ಕೊನೆಯ ಗುಟ್ಟು ಸಪ್ಪಗಾಗುತ್ತದೆ. ಮೂರನೇ ವಾರದ ಕೊನೆಗೆ ಇಟ್ಟುಕೊಳ್ಳಿ, ಆ ಹೊತ್ತಿಗೆ ನಿಧಾನದ ಓದಿನಿಂದ ಕಣ್ಣು ಬಳಲಿರುತ್ತದೆ.

ಯಾವುದರ ಪಕ್ಕ ಯಾವುದು ಅನ್ನುವುದಕ್ಕೂ ಲೆಕ್ಕವಿದೆ. ವಚನ ಬೆಳಗ್ಗೆ, ಮನೆಯವರೆಲ್ಲ ಏಳುವ ಮುನ್ನ ಅಥವಾ ಬಸ್ಸು ಕಾಯುವಾಗ. ಷಟ್ಪದಿಗೆ ಗಟ್ಟಿಯಾಗಿ ಓದುವ ಜಾಗ ಬೇಕು, ಮೆಟ್ರೊದಲ್ಲಿ ಆಗುವುದಿಲ್ಲ. ಸಣ್ಣಕತೆ ಮಧ್ಯಾಹ್ನದ ಊಟದ ನಂತರದ ಅರ್ಧ ಗಂಟೆಗೆ ಹೊಂದುತ್ತದೆ. ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಪುಸ್ತಕ ತೆರೆದಿರಬಾರದು, ಮೂರರಲ್ಲಿ ಒಂದು ಮಾತ್ರ ಕತೆ ಇರುವಂಥದ್ದಾಗಿರಬೇಕು. ಎರಡು ಕಥನ ಒಟ್ಟಿಗೆ ಓಡಿದರೆ ಹೆಸರುಗಳು ಕಲಸಿಹೋಗುತ್ತವೆ. ಕಾದಂಬರಿ, ವಚನ, ಗಿಡಗಳ ಪುಸ್ತಕ ಒಟ್ಟಿಗೆ ನಡೆಯುತ್ತವೆ. ಕಾದಂಬರಿ, ಆತ್ಮಕತೆ, ನಾಟಕ ಒಟ್ಟಿಗೆ ನಡೆಯುವುದಿಲ್ಲ.

ಪುಸ್ತಕ ಹುಡುಕುವುದಕ್ಕೆ ಹೆಚ್ಚು ದುಡ್ಡು ಬೇಡ. ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿಗಳ ಮುದ್ರಣ ಅಗ್ಗ, ಜಿಲ್ಲಾ ಗ್ರಂಥಾಲಯದಲ್ಲಿ ಹಳೆಯ ಪ್ರತಿಗಳು ಸಿಗುತ್ತವೆ, ಹೊರನಾಡಿನಲ್ಲಿ ಇರುವವರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕ, ಕೇಳುಪುಸ್ತಕ ಇವೆ. ಕೇಳುಪುಸ್ತಕ ಕಾದಂಬರಿಗೆ, ಆತ್ಮಕತೆಗೆ ಚೆನ್ನ. ಸಣ್ಣಕತೆಗೆ ಅಷ್ಟಾಗಿ ಒಗ್ಗುವುದಿಲ್ಲ, ಮೊದಲ ಪ್ಯಾರಾಕ್ಕೆ ಹಿಂದಿರುಗುವುದು ಅಲ್ಲಿ ಕಿರಿಕಿರಿ.

ಟಿಪ್ಪಣಿ ಪುಸ್ತಕವೊಂದಕ್ಕೆ ಮೂರೇ ಸಾಲು. ಪುಟಸಂಖ್ಯೆಯೊಂದಿಗೆ ಬರೆದುಕೊಂಡ ಒಂದು ವಾಕ್ಯ, ಕಟ್ಟಿನ ಬಗ್ಗೆ ಕಂಡ ಒಂದು ಸಂಗತಿ, ಉತ್ತರ ಸಿಗದ ಒಂದು ಪ್ರಶ್ನೆ. ಕತೆಯ ಸಾರಾಂಶ ಬರೆಯಬೇಡಿ, ಅದು ಬೆನ್ನುಡಿಯಲ್ಲೇ ಇರುತ್ತದೆ. ಐದರಲ್ಲಿ ಇಷ್ಟು ನಕ್ಷತ್ರ ಅಂತಲೂ ಹಾಕಬೇಡಿ. ವಚನಕ್ಕೆ ನಾಲ್ಕು, ಪತ್ತೇದಾರಿಗೆ ಮೂರು ಅಂತ ಹಾಕಿದರೆ ಯಾವುದನ್ನು ಯಾವುದರಿಂದ ಅಳೆದ ಹಾಗಾಯಿತು?

ಕೊನೆಯ ಮೂರು ದಿನ ಹೊಸ ಪುಸ್ತಕ ತೆರೆಯಬೇಡಿ. ಮೊದಲ ವಾರದ ವಚನಗಳನ್ನು, ಅಜೀಜನ ಎರಡು ದೃಶ್ಯವನ್ನು, ಒಂದು ಕತೆಯನ್ನು ಮತ್ತೆ ಓದಿ. ಉಳಿದ ಹೊತ್ತಿನಲ್ಲಿ ಮುಂದಿನ ತಿಂಗಳಿಗೆ ತಯಾರಿ. ಕುವೆಂಪು ಅವರ ಕಾದಂಬರಿ ಮಲೆಗಳಲ್ಲಿ ಮದುಮಗಳು ಬೆರಕೆ ತಿಂಗಳಿಗೆ ಹೊಂದುವುದಿಲ್ಲ, ಅದಕ್ಕೊಂದು ಇಡೀ ತಿಂಗಳು ಕೊಡಬೇಕು. ಏಳುನೂರು ಪುಟದ ಆಸುಪಾಸಿನ ಪುಸ್ತಕ, ದಿನಕ್ಕೆ 25 ಪುಟ. ಅದನ್ನು ಅರ್ಧಕ್ಕೆ ಬಿಟ್ಟವರೆಲ್ಲ ಹೆಸರುಗಳ ಕಾಡಿನಲ್ಲೇ ಬಿಟ್ಟವರು. ವ್ಯಕ್ತಿಗಳ ಪಟ್ಟಿ ಮಾಡಿದರೆ ಪ್ರಯೋಜನವಿಲ್ಲ, ಮನೆಗಳ ಪಟ್ಟಿ ಮಾಡಬೇಕು. ದೊಡ್ಡ ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಅಂತ ದೂರದೂರಕ್ಕೆ ಬರೆದು, ಹೆಸರು ಬಂದ ಹಾಗೆ ಆಯಾ ಮನೆಯ ಕೆಳಗೆ ಸೇರಿಸುತ್ತ ಹೋಗಿ: ಒಡೆಯರು ಒಂದು ಕಡೆ, ಆಳುಗಳು ಇನ್ನೊಂದು ಕಡೆ. ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಮಾತ್ರ ಯಾವ ಮನೆಯ ಕೆಳಗೂ ಸುಮ್ಮನೆ ಕೂರಿಸಲು ಆಗುವುದಿಲ್ಲ, ಅವರು ನಡೆದ ದಾರಿಯನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಮನೆಯಿಂದ ಮನೆಗೆ ಎಳೆಯಿರಿ. ನೂರು ಪುಟ ಆಗುವಷ್ಟರಲ್ಲಿ ಹಾಳೆ ನೋಡದೆಯೇ ಯಾರು ಎಲ್ಲಿಯವರು ಅಂತ ಹೇಳಬಲ್ಲಿರಿ.